ಡ್ರಿಲ್ ಮೆಷಿನ್ ಬಾಡಿಗೆಗೋ ಸ್ವಂತಕ್ಕೋ? ಕಾಸರಗೋಡು ಕಡೆಯವರು ಸ್ವಲ್ಪ ಹೇಳಿ

ನೀರ್ಚಾಲಿನವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಕೆಂಪುಕಲ್ಲಿನ ಹಳೆ ಮನೆ. ಹಿಂದೆ ಅಡುಗೆಮನೆ ಮಾತ್ರ ಹೊಸದಾಗಿ ಸೇರಿಸಿದ್ದು, ಅದಕ್ಕೆ ಕಾಂಕ್ರೀಟ್ ಸ್ಲ್ಯಾಬ್ ಉಂಟು. ಮಳೆ ಬಿಟ್ಟ ಮೇಲೆ ಮಾಡಬೇಕಾದ ಸಣ್ಣಪುಟ್ಟ ಕೆಲಸ ರಾಶಿ ಬಿದ್ದಿದೆ. ಕಿಟಕಿಗಳಿಗೆ ಪರದೆಯ ರಾಡ್, ಪುಸ್ತಕದ ಶೆಲ್ಫ್, ಸ್ಲ್ಯಾಬಿನ ಅಡಿಗೆ ಬಟ್ಟೆ ಒಣಗಿಸಲು ಮೇಲೆ ಎಳೆಯುವ ಹ್ಯಾಂಗರ್, ಹಳೆ ಬಾಗಿಲಿನ ಪೈಂಟ್ ಉಜ್ಜಿ ತೆಗೆಯುವುದು, ಅಂಗಳದ ಇಂಟರ್‌ಲಾಕ್ ಮೇಲಿನ ಪಾಚಿ, ಮತ್ತೆ ಬಚ್ಚಲ ಹತ್ತಿರ ಯಾರಿಗೂ ಬೇಡದ ಒಂದು ಸಿಮೆಂಟಿನ ಕಟ್ಟೆ, ಅದನ್ನು ಒಡೆಯಬೇಕು.

ಮನೆಯವರು ಎಲ್ಲ ಮೆಷಿನ್ ಆನ್‌ಲೈನಲ್ಲಿ ತರಿಸುವ ಅಂತ ಕೂತಿದ್ದಾರೆ. ಅತ್ತೆ ಆಚಾರಿಯನ್ನು ಕರೆಯಿರಿ ಅನ್ನುತ್ತಾರೆ. ಆಚಾರಿ ಇಷ್ಟು ಸಣ್ಣ ಕೆಲಸಕ್ಕೆ ನಾಳೆ ನಾಳೆ ಅನ್ನುತ್ತಾರೆ. ಬಾಡಿಗೆಗೆ ಸಿಗುತ್ತದೆ ಅಂತ ಕೇಳಿದ್ದೇನೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಾಡಿಗೆಗೆ ತರಬೇಕು? ಕೆಲಸ ನಾನೇ ಮಾಡುವವಳು, ಅದನ್ನು ಯಾರಿಗೆ ಬಿಡಲಿ ಅಂತ ಕೇಳುತ್ತಿಲ್ಲ.

ಹೊಸಂಗಡಿ ಹುಡುಗ

ಅಕ್ಕಾ, ಎಲ್ಲ ಕೊಂಡುಬಿಡಿ. ಈಗ ಡ್ರಿಲ್, ಕಂಬಿ ಕೊಯ್ಯುವ ಗ್ರೈಂಡರ್ ಎಲ್ಲ ಎಷ್ಟು ಕಮ್ಮಿಗೆ ಸಿಗುತ್ತದೆ. ನೂರು ಸಾಮಾನಿನ ಕಿಟ್ ಪೆಟ್ಟಿಗೆಯಲ್ಲಿ ಬರುತ್ತದೆ. ಮನೆಯಲ್ಲಿ ಇದ್ದರೆ ಯಾವತ್ತಾದರೂ ಬೇಕಾಗುತ್ತದೆ.

ಪೆರ್ಲದ ವಯರ್‌ಮ್ಯಾನ್

ನೂರು ಸಾಮಾನಿನ ಕಿಟ್ಟಿನಲ್ಲಿ ತೊಂಬತ್ತು ಸಾಮಾನು ಪೆಟ್ಟಿಗೆ ತುಂಬಿಸಲು ಹಾಕಿದ್ದು ಮಾರಾಯ. ಆ ಕೊರೆಯುವ ಬಿಟ್ಟುಗಳನ್ನು ಒಮ್ಮೆ ಕಾಂಕ್ರೀಟಿಗೆ ಹಾಕಿ ನೋಡು, ತುದಿ ನೀಲಿಯಾಗಿ ಮೊಂಡಾಗುತ್ತದೆ.

ಅಕ್ಕ, ನೀವು ಕೇಳಿದ್ದಕ್ಕೆ ಉತ್ತರ ನಿಮ್ಮ ಗೋಡೆಯಲ್ಲೇ ಉಂಟು. ನಿಮ್ಮ ಮನೆಯಲ್ಲಿ ಎರಡು ಜಾತಿಯ ಗೋಡೆ ಇದೆ ಅಂತ ಇಟ್ಟುಕೊಳ್ಳಿ. ಒಂದು ಕೆಂಪುಕಲ್ಲು, ಇನ್ನೊಂದು ಕಾಂಕ್ರೀಟು. ಎರಡಕ್ಕೂ ಒಂದೇ ಮೆಷಿನ್ ಅಂದರೆ ಎರಡು ಕಡೆಯೂ ಸರಿಯಾಗುವುದಿಲ್ಲ.

ಕೆಂಪುಕಲ್ಲಿಗೆ ಸಾದಾ ಇಂಪ್ಯಾಕ್ಟ್ ಡ್ರಿಲ್ ಧಾರಾಳ ಸಾಕು. 13 ಎಂಎಂ ಚಕ್ಕಿನದ್ದು (ಬಿಟ್ ಹಿಡಿಯುವ ಬಾಯಿ), 500-600 ವ್ಯಾಟಿನದ್ದು. ಕಲ್ಲಿಗೆ ಹೋಗುವಾಗ ಸುತ್ತಿಗೆ ಚಿತ್ರದ ಸ್ವಿಚ್ಚನ್ನು ಆಫ್ ಮಾಡಿ, ಬರೀ ತಿರುಗಲು ಬಿಡಿ. ಗಾರೆಯ ಪದರ ಅರ್ಧ ಇಂಚು ಗಟ್ಟಿ ಇರುತ್ತದೆ, ಅದು ದಾಟಿದ ಕೂಡಲೇ ಬಿಟ್ ಬುಳಕ್ ಅಂತ ಒಳಗೆ ಹೋಗುತ್ತದೆ. ಕೆಂಪುಕಲ್ಲಿನ ಒಳಗೆ ಜೇಡಿಯ ತೂತುಗಳು ಇರುತ್ತವಲ್ಲ, ಅಲ್ಲಿ ಹ್ಯಾಮರ್ ಕೊಟ್ಟರೆ 6 ಎಂಎಂ ತೂತು 10 ಎಂಎಂ ಆಗಿ, ಸ್ಕ್ರೂ ಕಚ್ಚಲು ತೂತಿಗೆ ಹಾಕುವ ಪ್ಲಗ್ ಗಿರಗಿರ ತಿರುಗುತ್ತದೆ. ಹಾಗಾದರೆ ಗಾಬರಿ ಬೇಡ. ತೂತನ್ನು ಬ್ರಶ್ಶಿನಲ್ಲಿ ಕೆದಕಿ ಪುಡಿ ತೆಗೆದು, ನೀರು ಚಿಮುಕಿಸಿ, ಗಟ್ಟಿ ಸಿಮೆಂಟ್ ಕಲಸಿ ತುಂಬಿಸಿ ಪ್ಲಗ್ ಒತ್ತಿಡಿ. ಮರುದಿನ ಸ್ಕ್ರೂ ಹಾಕಿ. ಪುಸ್ತಕದ ಶೆಲ್ಫ್ ಭಾರ, ಅದಕ್ಕೆ ಸಣ್ಣ ಪ್ಲಗ್ ಬೇಡವೇ ಬೇಡ. 80ರಿಂದ 100 ಎಂಎಂ ಉದ್ದದ ಫ್ರೇಮ್ ಪ್ಲಗ್ ಸಿಗುತ್ತದೆ, ಅದು ಹಾಕಿ.

ಸ್ವಿಚ್ ಬೋರ್ಡಿನ ನೇರ ಮೇಲೆ ಯಾವತ್ತೂ ತೂತು ಕೊರೆಯಬೇಡಿ. ಒಳಗಿನ ಪೈಪು ಹೆಚ್ಚಾಗಿ ಅಲ್ಲೇ ನೆಟ್ಟಗೆ ಹತ್ತುತ್ತದೆ. ವಯರಿಗೆ ಡ್ರಿಲ್ ಹಾಕಿ ನಮ್ಮನ್ನು ಕರೆಯುವವರು ಕಮ್ಮಿ ಇಲ್ಲ.

ಉಪ್ಪಳ ಸೈಟ್ ಎಂಜಿನಿಯರ್

ವಯರ್‌ಮ್ಯಾನ್ ಅಣ್ಣ ಹೇಳಿದ್ದು ಸರಿ. ಸ್ಲ್ಯಾಬಿನ ಬಗ್ಗೆ ನಾನು ಸೇರಿಸುತ್ತೇನೆ, ಯಾಕೆಂದರೆ ಜನ ದುಡ್ಡು ಹಾಳು ಮಾಡುವುದು ಇಲ್ಲಿಯೇ.

ಇಂಪ್ಯಾಕ್ಟ್ ಡ್ರಿಲ್ ಅಂದರೆ ಒಳಗೆ ಹಲ್ಲಿರುವ ಎರಡು ಬಿಲ್ಲೆ ಒಂದರ ಮೇಲೊಂದು ಉಜ್ಜಿ ಟರ್ರ್ ಅಂತ ಕುಟ್ಟುವುದು. ಪೆಟ್ಟು ನಿಮಿಷಕ್ಕೆ ಹತ್ತಾರು ಸಾವಿರ, ಆದರೆ ಒಂದೊಂದು ಪೆಟ್ಟಿಗೂ ಬಲ ಇಲ್ಲ. ಬಲ ನಿಮ್ಮ ಕೈಯಿಂದ ಬರಬೇಕು. ಏಣಿ ಮೇಲೆ ನಿಂತು ತಲೆ ಮೇಲಕ್ಕೆ ಡ್ರಿಲ್ ಒತ್ತಿ ಹಿಡಿದರೆ ಎಷ್ಟು ಬಲ ಬರುತ್ತದೆ ಹೇಳಿ. ರೋಟರಿ ಹ್ಯಾಮರ್ ಬೇರೆ. ಅದರಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿ ಒಂದು ಲೋಹದ ತುಂಡನ್ನು ಬಿಟ್ಟಿನ ಬುಡಕ್ಕೆ ಹೊಡೆಸುತ್ತದೆ. ಪೆಟ್ಟು ಕಮ್ಮಿ, ನಿಮಿಷಕ್ಕೆ ನಾಲ್ಕೈದು ಸಾವಿರ, ಆದರೆ ಒಂದೊಂದೂ 2-3 ಜೂಲಿನದ್ದು (ಜೂಲ್ ಅಂದರೆ ಪೆಟ್ಟಿನ ಶಕ್ತಿಯ ಅಳತೆ). ನೀವು ಸುಮ್ನೆ ಹಿಡಿದುಕೊಂಡರೆ ಸಾಕು, ಕೊರೆಯುವ ಕೆಲಸ ಅದರದ್ದು. ಇಂಪ್ಯಾಕ್ಟಿನಲ್ಲಿ ಬೆವರಿಳಿಸಿ ಮಾಡುವ ತೂತನ್ನು ಇದು ಕೆಲವು ಸೆಕೆಂಡಿನಲ್ಲಿ ಮುಗಿಸುತ್ತದೆ. ಇದಕ್ಕೆ ಬಿಟ್ ಬೇರೆ, ಎಸ್‌ಡಿಎಸ್ ಪ್ಲಸ್ ಅಂತ ಕೇಳಿ. ಬುಡದಲ್ಲಿ ತೋಡು ಇರುತ್ತದೆ. ಸಾದಾ ಡ್ರಿಲ್ಲಿನ ಬಿಟ್ ಇದಕ್ಕೆ ಕೂರುವುದಿಲ್ಲ.

ನಿಮ್ಮ ಹ್ಯಾಂಗರಿಗೆ ಸ್ಲ್ಯಾಬಿನಲ್ಲಿ ಬೇಕಾದ್ದು ನಾಲ್ಕೋ ಆರೋ ತೂತು. ಅದಕ್ಕಾಗಿ ರೋಟರಿ ಹ್ಯಾಮರ್ ಕೊಳ್ಳಬೇಡಿ, ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಮಧ್ಯದಲ್ಲಿ ಬಿಟ್ ಮುಂದೆ ಹೋಗದೆ ಟಣ್ ಟಣ್ ಅಂದರೆ ಕಂಬಿ ಸಿಕ್ಕಿತು ಅಂತ ಅರ್ಥ. ಸ್ಲ್ಯಾಬಿನ ತಳದಿಂದ ಬರೀ 20 ಎಂಎಂ ಮೇಲೆಯೇ ಕಂಬಿ ಶುರುವಾಗುತ್ತದೆ, ಹಾಗಾಗಿ ಸಿಗುವುದು ಸಾಮಾನ್ಯ. ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ಒಂದೆರಡು ಇಂಚು ಆಚೆ ಹೋಗಿ. ಮತ್ತೆ ಫ್ಯಾನಿನ ಕೊಕ್ಕೆಯಿಂದ ಗೋಡೆ ಕಡೆಗೆ ಸ್ಲ್ಯಾಬಿನೊಳಗೆ ವಯರಿನ ಪೈಪ್ ಓಡಿರುತ್ತದೆ, ಆ ದಾರಿ ಬಿಟ್ಟು ಗುರುತು ಹಾಕಿ.

ಕುಂಬಳೆ ಬಾಡಿಗೆ ಅಂಗಡಿ

ನಾನು ಸೆಂಟ್ರಿಂಗ್ ಶೀಟು, ಮಿಕ್ಸರ್, ವೈಬ್ರೇಟರ್, ಏಣಿ, ಜತೆಗೆ ಈ ಸಣ್ಣ ಮೆಷಿನುಗಳನ್ನೂ ಬಾಡಿಗೆಗೆ ಕೊಡುವವನು. ನನ್ನ ವ್ಯಾಪಾರಕ್ಕೆ ವಿರುದ್ಧ ಹೇಳುತ್ತಿದ್ದೇನೆ ಅಂತ ತಿಳಿಯಿರಿ. ಸಾದಾ ಡ್ರಿಲ್ ಬಾಡಿಗೆಗೆ ಕೇಳಿಕೊಂಡು ಬರಬೇಡಿ, ಕೊಂಡುಬಿಡಿ.

ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ ದಿನಕ್ಕೆ 200 ಬಾಡಿಗೆ. ನೀರ್ಚಾಲಿನಿಂದ ಬಂದು ತೆಗೆದುಕೊಂಡು ಹೋಗಿ, ಮತ್ತೆ ಬಂದು ಕೊಟ್ಟು ಹೋಗುವ ಖರ್ಚು 300 ಅಂತ ಹಿಡಿಯಿರಿ. ಒಂದು ಪರದೆಯ ರಾಡಿಗೆ 500 ಆಯ್ತು. ಡ್ರಿಲ್ಲಿಗೆ 2,500 ಆದರೆ ಐದನೇ ಸಲಕ್ಕೆ ದುಡ್ಡು ಸಮ. ಮನೆಯಲ್ಲಿ ಐದು ಸಲ ಡ್ರಿಲ್ ಬೇಕಾಗದವರು ಯಾರು? ಜನ ಬಾಡಿಗೆಯನ್ನು ಮಾತ್ರ ನೋಡುತ್ತಾರೆ, ದಾರಿ ಖರ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೇಟೆಯಲ್ಲಿ ಇರುವವರಿಗೆ ಅದು ಬೇರೆ, ಅಡೂರು, ಪೆರ್ಲ, ಒಳಗಿನ ಊರಿನವರಿಗೆ ಬೇರೆ.

ಕಾಂಕ್ರೀಟ್ ಒಡೆಯುವ ಮೆಷಿನ್, ಬ್ರೇಕರ್ ಅನ್ನುವುದು, ಅದಕ್ಕೆ ಈ ಲೆಕ್ಕ ತಿರುಗಿ ಬೀಳುತ್ತದೆ. ಕಟ್ಟೆ ಒಡೆಯುವುದು ಜೀವಮಾನದಲ್ಲಿ ಒಂದೆರಡು ಸಲದ ಕೆಲಸ. ಆ ಮೆಷಿನ್ ಕೊಂಡವರು ಹತ್ತು ಕಿಲೋ ಕಬ್ಬಿಣವನ್ನು ಅಟ್ಟದಲ್ಲಿ ಇಟ್ಟು ಸಾಕುತ್ತಾರೆ ಅಷ್ಟೆ.

ಮಂಜೇಶ್ವರ ಕಡಲಬದಿ

ಬಾಡಿಗೆ ಅಂಗಡಿಯವರಿದ್ದಾರೆ ಅಂತ ಕೇಳುತ್ತೇನೆ, ಬೇಜಾರು ಮಾಡಬೇಡಿ. ಹೋದ ವರ್ಷ ಒಂದು ಕಡೆ (ಊರು, ಹೆಸರು ಬೇಡ) ರೋಟರಿ ಹ್ಯಾಮರ್ ತಂದೆ. ಮನೆಗೆ ಬಂದು ಹಾಕಿದರೆ ಬಿಟ್ ಹಾವಿನ ಹಾಗೆ ಓಲಾಡುತ್ತಿತ್ತು. ಅರ್ಧ ದಿನ ಅದರಲ್ಲೇ ಹೋಯಿತು. ವಾಪಸ್ ಕೊಡುವಾಗ ನೀವೇ ಹಾಳು ಮಾಡಿದ್ದು ಅಂತ ಡೆಪಾಸಿಟ್ಟಿನಲ್ಲಿ ಹಿಡಿದುಕೊಂಡರು. ಬಾಡಿಗೆ ಮೆಷಿನ್ ಅಂದರೆ ಹತ್ತು ಜನ ಹಿಂಡಿದ ಮೇಲೆ ನಮಗೆ ಸಿಗುವುದು, ಅಲ್ವಾ?

ಕುಂಬಳೆ ಬಾಡಿಗೆ ಅಂಗಡಿ

ಬೇಜಾರು ಎಂತ, ನೀವು ಹೇಳಿದ್ದು ನಡೆಯುವುದೇ. ಆದರೆ ಅಂಗಡಿಯಲ್ಲಿಯೇ ನೋಡಿ ತೆಗೆದುಕೊಳ್ಳಬಹುದಿತ್ತು. ಕೌಂಟರಿನಲ್ಲೇ ಪ್ಲಗ್ಗಿಗೆ ಹಾಕಿ ಒಮ್ಮೆ ಓಡಿಸಲು ಹೇಳಿ. ಹಿಂದಿನ ಗಾಳಿಕಿಂಡಿಯಲ್ಲಿ ಇಣುಕಿ ನೋಡಿ. ಸಣ್ಣ ನೀಲಿ ಕಿಡಿ ಇರುತ್ತದೆ, ಅದಕ್ಕೆ ಅಡ್ಡಿ ಇಲ್ಲ. ಸುತ್ತಲೂ ಹಳದಿ ಬೆಂಕಿ ಉಂಗುರದ ಹಾಗೆ ಕಂಡರೆ ಕಾರ್ಬನ್ ಬ್ರಶ್ ಮುಗಿದಿದೆ, ಇಲ್ಲ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಸುರುಳಿ) ಹೋಗುತ್ತಾ ಇದೆ. ಸುಟ್ಟ ವಾಸನೆ ಇದ್ದರೆ ಬೇಡ ಅನ್ನಿ. ಬಿಟ್ ಹಾಕಿಸಿ ಓಲಾಡುತ್ತದಾ ನೋಡಿ. ವಯರ್ ಮೆಷಿನಿಗೆ ಸೇರುವ ಜಾಗವನ್ನು ಬಗ್ಗಿಸಿ ನೋಡಿ, ಹೆಚ್ಚಿನದ್ದು ಒಡೆಯುವುದು ಅಲ್ಲಿಯೇ. ಇಷ್ಟಾದ ಮೇಲೆ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಸರಿಯಾದ ಅಂಗಡಿಯವರು ಯಾರೂ ಬೇಡ ಅನ್ನುವುದಿಲ್ಲ.

ನಮ್ಮ ಕಡೆಯಿಂದಲೂ ಒಂದು ದೂರು ಉಂಟು. ಮೆಷಿನ್ ಸಾಯುವುದು ಕೆಲಸದಿಂದ ಅಲ್ಲ, ಎಕ್ಸ್‌ಟೆನ್ಶನ್ ವಯರಿನಿಂದ. ಹಬ್ಬದ ಲೈಟಿಗೆ ಹಾಕುವ ತೆಳ್ಳಗಿನ ವಯರಿನಲ್ಲಿ ಹಿತ್ತಿಲವರೆಗೆ ಕರೆಂಟ್ ಎಳೆದು ಬ್ರೇಕರ್ ಓಡಿಸುತ್ತಾರೆ. ತುದಿಗೆ ಮುಟ್ಟುವಾಗ ವೋಲ್ಟೇಜ್ ಇಳಿದಿರುತ್ತದೆ, ಮೋಟಾರ್ ಮೆಲ್ಲಗೆ ತಿರುಗುತ್ತದೆ, ಒಳಗಿನ ಫ್ಯಾನೂ ಮೆಲ್ಲಗೆ, ಬಿಸಿ ಹೊರಗೆ ಹೋಗುವುದಿಲ್ಲ. ಮತ್ತೆ ಆರ್ಮೇಚರ್ ಸುಟ್ಟು ಬರುತ್ತದೆ.

ಪೆರ್ಲದ ವಯರ್‌ಮ್ಯಾನ್

ಅದು ಸತ್ಯ. 1500 ವ್ಯಾಟಿನ ಬ್ರೇಕರ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಟಿವಿ ಹಿಂದಿನ 6 ಆಂಪಿಯರ್ ಪ್ಲಗ್ಗಿಗೆ ಹಾಕಬೇಡಿ, ಮಿಕ್ಸಿ-ಗ್ರೈಂಡರಿನ ಹತ್ತಿರದ 16 ಆಂಪಿಯರಿನ ದೊಡ್ಡ ಪ್ಲಗ್ಗಿಗೆ ಹಾಕಿ. ಎಕ್ಸ್‌ಟೆನ್ಶನ್ ವಯರ್ ಕಮ್ಮಿ ಅಂದರೆ 1.5 ಸ್ಕ್ವೇರ್ ಎಂಎಂ, ದೂರ ಜಾಸ್ತಿ ಇದ್ದರೆ 2.5. ರಾಟೆಗೆ ಸುತ್ತಿದ ವಯರಾದರೆ ಪೂರ್ತಿ ಬಿಚ್ಚಿ ನೆಲಕ್ಕೆ ಹಾಕಿ, ಸುತ್ತಿಕೊಂಡೇ ಇದ್ದರೆ ಒಳಗೆ ಬಿಸಿಯಾಗಿ ಕರಗುತ್ತದೆ. ಹಳೆ ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ನೋಡಿ. ಬಚ್ಚಲ ಹತ್ತಿರ ಕೆಲಸ ಅಂತೀರಿ, ಒದ್ದೆ ನೆಲ. ಇಲ್ಲದಿದ್ದರೆ ಮೊದಲು ಅದು ಹಾಕಿಸಿ, ಡ್ರಿಲ್ ಆಮೇಲೆ.

ಅಡೂರು ತೋಟ

ಕಟ್ಟೆ ಎಷ್ಟು ದೊಡ್ಡದು? ಮೊಣಕಾಲೆತ್ತರದ್ದಾದರೆ ಬ್ರೇಕರ್ ಯಾಕೆ? ಒಂದು ದೊಡ್ಡ ಸುತ್ತಿಗೆ, ಒಂದು ಉಳಿ, ಬೆಳಿಗ್ಗೆ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತದೆ.

ನೀರ್ಚಾಲಿನವಳು

ಸೊಂಟದೆತ್ತರ, ಉದ್ದ ಎಂಟು ಅಡಿ. ಒಳಗೆ ಕಂಬಿ ಇದೆಯೋ ಇಲ್ಲವೋ ಗೊತ್ತಿಲ್ಲ. ಮಾವನ ಕಾಲದ್ದು, ಆ ಕಾಲದವರು ಗಟ್ಟಿಯಾಗಿಯೇ ಮಾಡುತ್ತಿದ್ದರು. ಸುತ್ತಿಗೆ ಬೇಡ ಅಣ್ಣ.

ಇನ್ನೊಂದು, ಗ್ರೈಂಡರ್ ಕೊಳ್ಳುವುದಾ ಬಾಡಿಗೆಗಾ? ಯಾರೂ ಹೇಳಲಿಲ್ಲ. ಕಂಬಿ ಸಿಕ್ಕಿದರೆ ಕೊಯ್ಯಬೇಕಲ್ಲ.

ಉಪ್ಪಳ ಸೈಟ್ ಎಂಜಿನಿಯರ್

ಗ್ರೈಂಡರ್ ಬಗ್ಗೆ ನನಗೆ ಸ್ವಲ್ಪ ಹಟ ಉಂಟು. ಅದನ್ನು ಬಾಡಿಗೆಗೂ ತರಬೇಡಿ, ಎರವಲೂ ಕೇಳಬೇಡಿ. ಬೇಕಾದರೆ ಹೊಸದು ಕೊಳ್ಳಿ, ಇಲ್ಲ ಬಲ್ಲವರನ್ನು ಕರೆಯಿರಿ.

ಯಾಕೆಂದರೆ ನಮ್ಮ ಊರಿನಲ್ಲಿ ಕೈಯಿಂದ ಕೈಗೆ ಹೋಗುವ ನಾಲ್ಕಿಂಚಿನ ಗ್ರೈಂಡರುಗಳಲ್ಲಿ ಡಿಸ್ಕಿಗೆ ಮರೆಯಾಗುವ ಗಾರ್ಡ್ ಇರುವುದನ್ನು ಕಂಡದ್ದು ಅಪರೂಪ. ಅಡ್ಡ ಬರುತ್ತದೆ ಅಂತ ಬಿಚ್ಚಿ ಬಿಸಾಡಿರುತ್ತಾರೆ. ಪಕ್ಕದ ಹಿಡಿಯೂ ಇರುವುದಿಲ್ಲ. ಅದರ ಡಿಸ್ಕ್ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವಾಗ ಒಡೆದರೆ ತುಂಡು ನೇರ ಮುಖಕ್ಕೆ ಬರುತ್ತದೆ. ಡಿಸ್ಕಿನ ನಡುವಿನ ಲೋಹದ ಉಂಗುರದಲ್ಲಿ ತಿಂಗಳು, ವರ್ಷ ಅಚ್ಚಾಗಿರುತ್ತದೆ, ನೋಡಿದ್ದೀರಾ? ಅದು ಎಕ್ಸ್‌ಪೈರಿ. ಡಿಸ್ಕನ್ನು ಅಂಟಿನಲ್ಲಿ ಕಟ್ಟಿರುತ್ತಾರೆ, ಸಾಧಾರಣ ಮೂರು ವರ್ಷದ ಆಯಸ್ಸು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ನಮ್ಮ ಮಳೆಯಲ್ಲಿ, ಹಟ್ಟಿಯ ಮಾಡಿನ ಅಡಿಯಲ್ಲಿ ಬಿದ್ದ ಡಿಸ್ಕ್ ಅಷ್ಟೂ ಬಾಳುತ್ತದೆ ಅಂತ ನಂಬಬೇಡಿ. ಹೊಸ ಡಿಸ್ಕ್ ತನ್ನಿ, ಅದಕ್ಕೆ ದುಡ್ಡು ಜಾಸ್ತಿ ಇಲ್ಲ.

ಮತ್ತೆ ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವ ಚಾಳಿ. ದಯವಿಟ್ಟು ಬೇಡ. ಅದು ಮರದಲ್ಲಿ ಸಿಕ್ಕಿಕೊಂಡ ಕ್ಷಣ ಮೆಷಿನ್ ಕೈಯಿಂದ ಹಾರುತ್ತದೆ.

ಹೊಸಂಗಡಿ ಹುಡುಗ

ಎಂಜಿನಿಯರ್ ಅಣ್ಣ ಹೇಳುವುದು ಕೇಳಿದರೆ ಮನೆಯಿಂದ ಹೊರಗೆ ಕಾಲಿಡಲೂ ಹೆದರಿಕೆ ಆಗುತ್ತದೆ 😀 ನಮ್ಮ ಊರಲ್ಲಿ ಎಲ್ಲರೂ ಗಾರ್ಡ್ ಇಲ್ಲದೆಯೇ ಕೊಯ್ಯುವುದು.

ಉಪ್ಪಳ ಸೈಟ್ ಎಂಜಿನಿಯರ್

ಹೌದು. ಅವರಲ್ಲಿ ಎಷ್ಟು ಜನರ ಬೆರಳು ಪೂರ್ತಿ ಇದೆ ಅಂತ ಎಣಿಸಿ ಬಾ.

ಮಂಜೇಶ್ವರ ಕಡಲಬದಿ

ಕೊಳ್ಳುವವರಿಗೆ ನನ್ನ ಕಡೆಯಿಂದ ಒಂದು ಮಾತು. ಸಮುದ್ರದ ಬದಿಯ ಮನೆಯಲ್ಲಿ ಮೆಷಿನ್ ಇಡುವುದೇ ಒಂದು ಕೆಲಸ. ಜೂನಿನಲ್ಲಿ ಪೆಟ್ಟಿಗೆಯಲ್ಲಿಟ್ಟ ಡ್ರಿಲ್ ಸೆಪ್ಟೆಂಬರಿನಲ್ಲಿ ತೆಗೆದರೆ ಚಕ್ಕ್ ಹಿಡಿದುಕೊಂಡಿರುತ್ತದೆ, ಪೆಟ್ಟಿಗೆಯೊಳಗೆ ಬೂಷ್ಟು ಬೆಳೆದಿರುತ್ತದೆ. ಚಕ್ಕಿಗೆ ಎರಡು ತೊಟ್ಟು ಹೊಲಿಗೆ ಮೆಷಿನಿನ ಎಣ್ಣೆ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಒಂದು ನಿಮಿಷ ಓಡಿಸಿಡುವುದು. ಇಷ್ಟು ಮಾಡಲು ಉದಾಸೀನ ಇರುವವರು ಬಾಡಿಗೆಗೇ ತರುವುದು ಒಳ್ಳೆಯದು. ನಿಮಗೆ ನೀರ್ಚಾಲಿನಲ್ಲಿ ಉಪ್ಪು ಗಾಳಿ ಇಲ್ಲ, ತೇವ ಮಾತ್ರ ಬೇಕಾದಷ್ಟು ಉಂಟು.

ಕೊಳ್ಳುವ ಮೊದಲು ಸರ್ವಿಸ್ ಸೆಂಟರ್ ಮಂಗಳೂರಿನಲ್ಲಾ ಕಣ್ಣೂರಿನಲ್ಲಾ ಅಂತಲೂ ಕೇಳಿ. ಜಿಎಸ್‌ಟಿ ತಲಪಾಡಿ ಗಡಿಯ ಆಚೆಗೂ ಈಚೆಗೂ 18 ಪರ್ಸೆಂಟೇ, ಅದಕ್ಕಾಗಿ ಗಡಿ ದಾಟುವುದು ಬೇಡ. ಆದರೆ ರಿಪೇರಿಗೆ ಹೋಗುವ ದಾರಿ ಹತ್ತಿರವಿರಬೇಕು.

ಶಾರ್ಜಾದಿಂದ ಮುಳ್ಳೇರಿಯ

ಬ್ಯಾಟರಿ ಡ್ರಿಲ್ ಬಗ್ಗೆ ಯಾರೂ ಹೇಳಲಿಲ್ಲ? ಇಲ್ಲಿ ಎಲ್ಲರೂ ಅದನ್ನೇ ಉಪಯೋಗಿಸುವುದು. ಬರುವಾಗ ಒಂದು 20 ವೋಲ್ಟಿನದ್ದು ತರುವ ಅಂತ ಇದ್ದೇನೆ. 18ಕ್ಕಿಂತ ಬಲ ಜಾಸ್ತಿ ಅಲ್ವಾ?

ಪೆರ್ಲದ ವಯರ್‌ಮ್ಯಾನ್

ಎರಡೂ ಒಂದೇ. ಒಳಗೆ ಐದು ಸೆಲ್ ಸಾಲಾಗಿ ಇರುತ್ತದೆ. ಒಂದೊಂದು ಸೆಲ್ಲಿನ ಸಾಧಾರಣ ವೋಲ್ಟೇಜ್ 3.6, ಐದಕ್ಕೆ 18. ಫುಲ್ ಚಾರ್ಜ್ ಆದ ಕೂಡಲೇ ಒಂದೊಂದೂ 4ರ ಹತ್ತಿರ ತೋರಿಸುತ್ತದೆ, ಆ ಲೆಕ್ಕದಲ್ಲಿ 20 ಅಂತ ಪೆಟ್ಟಿಗೆ ಮೇಲೆ ಬರೆಯುತ್ತಾರೆ. ಅಂಗಡಿಯವರ ಜಾಣತನ.

ವಯರ್ ಕೆಲಸಕ್ಕೆ ದಿನಾ ಬೇಕಾದ ನನ್ನಂಥವರಿಗೆ ಬ್ಯಾಟರಿಯದ್ದು ಸುಖ. ವರ್ಷಕ್ಕೆ ನಾಲ್ಕು ಸಲ ತೆಗೆಯುವ ಮನೆಗೆ ವಯರಿನದ್ದೇ ವಾಸಿ. ಲಿಥಿಯಂ ಬ್ಯಾಟರಿ ಸುಮ್ನೆ ಇಟ್ಟರೂ ಮುದಿಯಾಗುತ್ತದೆ, ಬೇಕಾದಾಗ ಚಾರ್ಜ್ ಇರುವುದಿಲ್ಲ, ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ. ತರುವುದೇ ಆದರೆ ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿ ಇಡಿ. ವಿಮಾನದಲ್ಲಿ ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಲು ಬಿಡುವುದಿಲ್ಲ, ಅದನ್ನೂ ಮೊದಲೇ ವಿಚಾರಿಸಿ.

ಶಾರ್ಜಾದಿಂದ ಮುಳ್ಳೇರಿಯ

ಸರಿ ಅಣ್ಣ. ಇನ್ನೊಂದು ಯೋಚನೆ. ಅಮೆರಿಕದ ಬರ್ಕ್ಲಿಯಲ್ಲಿ 1979ರಿಂದ ಸಾರ್ವಜನಿಕ ಲೈಬ್ರರಿಯವರೇ ಪುಸ್ತಕ ಕೊಡುವ ಹಾಗೆ ಡ್ರಿಲ್, ಗರಗಸ, ಏಣಿ ಎಲ್ಲ ಎರವಲು ಕೊಡುತ್ತಾರೆ. ನಮ್ಮಲ್ಲಿ ಊರಿಗೊಂದು ವಾಚನಾಲಯ ಉಂಟು, ಕ್ಲಬ್ಬುಗಳಿಗೆ ಲೆಕ್ಕವೇ ಇಲ್ಲ. ಊರಿಗೊಂದು ರೋಟರಿ ಹ್ಯಾಮರ್ ಇಟ್ಟರೆ ಸಾಕಲ್ಲ?

ಅಡೂರು ತೋಟ

ನಮ್ಮ ಕುಟುಂಬದವರು ನಾಲ್ಕು ಮನೆ ಸೇರಿ ಕಾಡು ಕಡಿಯುವ ಮೆಷಿನ್ ತೆಗೆದುಕೊಂಡೆವು. ಅಡಿಕೆ ತೋಟದಲ್ಲಿ ಎಲ್ಲರಿಗೂ ಹುಲ್ಲು ಒಂದೇ ವಾರದಲ್ಲಿ ಬೆಳೆಯುತ್ತದೆ, ಎಲ್ಲರಿಗೂ ಅದೇ ವಾರ ಬೇಕು. ಮೆಷಿನ್ ಬೇಕಾದಾಗ ಯಾರ ಮನೆಯಲ್ಲಿ ಅಂತ ಫೋನ್ ಮಾಡಿದರೆ ನಾಲ್ಕೂ ಮನೆಯವರು ಇಲ್ಲಿಲ್ಲ ಅನ್ನುತ್ತಾರೆ. ಪೆಟ್ರೋಲಿಗೆ ಎಣ್ಣೆ ಬೆರೆಸದೆ ಓಡಿಸಿದ್ದು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ, ಪಿಸ್ಟನ್ ಹಿಡಿದುಕೊಂಡಿತು. ಈಗ ನಾಲ್ಕೂ ಮನೆಗೂ ಒಂದೊಂದು ಉಂಟು.

ಹ್ಯಾಮರ್ ಆದರೆ ನಡೆಯಬಹುದು. ಅದು ಎಲ್ಲರಿಗೂ ಒಂದೇ ದಿನ ಬೇಕಾಗುವುದಿಲ್ಲ. ಆದರೆ ಯಾರಾದರೂ ಒಬ್ಬರು ಪುಸ್ತಕದಲ್ಲಿ ಬರೆದು ಕೊಡುವವರು, ವಾಪಸ್ ಬಂದಾಗ ಓಡಿಸಿ ನೋಡುವವರು ಬೇಕು. ಆ ಜನ ಸಿಗುವುದು ಮೆಷಿನಿಗಿಂತ ಕಷ್ಟ.

ಬದಿಯಡ್ಕ ಪೈಂಟರ್

ಅಕ್ಕ, ಬಾಗಿಲಿನ ಪೈಂಟ್ ಬಗ್ಗೆ. ಉಜ್ಜುವ ಮೆಷಿನ್, ಸ್ಯಾಂಡರ್, ಕೊಳ್ಳಲೂ ಬೇಡ, ಬಾಡಿಗೆಗೆ ತರಲೂ ಬೇಡ. ಹಳೆ ಬಾಗಿಲಿನ ಎನಾಮೆಲ್ ಪೈಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಅಂತ ನಿಯಮ ಬಂದದ್ದೇ 2016ರಲ್ಲಿ. ಮೆಷಿನ್ ಹಾಕಿದರೆ ಅದು ನುಣ್ಣಗಿನ ಹುಡಿಯಾಗಿ ಮನೆಯಿಡೀ ಹಾರುತ್ತದೆ, ಮಕ್ಕಳಿದ್ದರೆ ಇನ್ನೂ ಕೆಟ್ಟದು. ನೀರು ಹಾಕಿ ಉಜ್ಜುವ ವಾಟರ್ ಪೇಪರಿನಲ್ಲಿ ಕೈಯಲ್ಲೇ ಉಜ್ಜಿ, ಬಾಗಿಲನ್ನು ಬಿಚ್ಚಿ ಅಂಗಳದಲ್ಲಿ ಅಡ್ಡ ಹಾಕಿ. ಎನ್95 ಮಾಸ್ಕ್ ಹಾಕಿ. ತೊಳೆದ ನೀರು ಬಾವಿ ಕಡೆ ಹರಿಯದ ಹಾಗೆ ನೋಡಿ.

ಅಂಗಳಕ್ಕೆ ಪ್ರೆಶರ್ ವಾಷರ್ ಅಂತ ಮನೆಯವರು ಆಸೆಪಟ್ಟಿರಬಹುದು. ನೂರು ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಮೇಲಿನ ಒತ್ತಡದ ನೀರು ಇಂಟರ್‌ಲಾಕಿನ ಸಂದಿನ ಮರಳನ್ನು ಪೂರ್ತಿ ಎಬ್ಬಿಸುತ್ತದೆ. ಗಾರೆ ಮಾಡದ ಕೆಂಪುಕಲ್ಲಿನ ಗೋಡೆಗೆ ಅಪ್ಪಿತಪ್ಪಿ ಹಿಡಿದರೆ ಕಲ್ಲೇ ಕರಗಿ ಬರುತ್ತದೆ. ಬ್ಲೀಚಿಂಗ್ ಪೌಡರ್ ಎರಚಿ, ಅರ್ಧ ಗಂಟೆ ಬಿಟ್ಟು, ಗಟ್ಟಿ ಹಿಡಿಸೂಡಿಯಲ್ಲಿ ತಿಕ್ಕಿ. ಗಿಡದ ಬುಡಕ್ಕೆ ಹೋಗದಿದ್ದರೆ ಆಯ್ತು.

ನೀರ್ಚಾಲಿನವಳು

ಎಲ್ಲರಿಗೂ ತುಂಬಾ ಉಪಕಾರ. ಇಂಪ್ಯಾಕ್ಟ್ ಡ್ರಿಲ್ ಒಂದು ಕೊಳ್ಳುತ್ತೇನೆ, ಜತೆಗೆ ಒಳ್ಳೆ 6 ಮತ್ತು 8 ಎಂಎಂ ಬಿಟ್. ಹ್ಯಾಮರ್, ಬ್ರೇಕರ್ ಒಟ್ಟಿಗೆ ಒಂದೇ ದಿನಕ್ಕೆ ಬಾಡಿಗೆಗೆ. ಗ್ರೈಂಡರ್ ಸದ್ಯಕ್ಕೆ ಇಲ್ಲ, ಕಂಬಿ ಸಿಕ್ಕಿದರೆ ವೆಲ್ಡಿಂಗಿನವರನ್ನು ಕರೆಯುತ್ತೇವೆ. ಪ್ರೆಶರ್ ವಾಷರ್ ಇಲ್ಲ ಅಂದಾಗ ಮನೆಯವರ ಮುಖ ಸಣ್ಣದಾಯಿತು.

ಕುಂಬಳೆ ಅಣ್ಣ, ಶನಿವಾರ ತಂದರೆ ಆದಿತ್ಯವಾರಕ್ಕೂ ಬಾಡಿಗೆ ಹಿಡಿಯುತ್ತೀರಾ?

ಕುಂಬಳೆ ಬಾಡಿಗೆ ಅಂಗಡಿ

ನಮ್ಮದು ಆದಿತ್ಯವಾರ ರಜೆ. ಶನಿವಾರ ಸಂಜೆ ಆರರ ಮೇಲೆ ಕೊಂಡುಹೋಗಿ ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವಾಗ ತಂದರೆ ಒಂದೇ ದಿನ. ಎಲ್ಲ ಕಡೆ ಹೀಗಲ್ಲ, ಕೆಲವರು 24 ಗಂಟೆ ಲೆಕ್ಕ, ಕೆಲವರು ಬೆಳಿಗ್ಗೆಯಿಂದ ಸಂಜೆ ಐದು. ಮೊದಲೇ ಕೇಳಿಕೊಳ್ಳಿ. ಆಧಾರ್ ಕಾಪಿ, ಡೆಪಾಸಿಟ್ ಬೇಕು. ಬ್ರೇಕರಿನ ಉಳಿ ನಾವು ಕೊಡುತ್ತೇವೆ, ಹ್ಯಾಮರಿನ ಬಿಟ್ ನಿಮ್ಮದೇ.

ಬದಿಯಡ್ಕ ಪೈಂಟರ್

ಅಕ್ಕ, ನನಗೂ ಸ್ಲ್ಯಾಬಿಗೆ ಎರಡು ಕೊಕ್ಕೆ ಹಾಕಲಿಕ್ಕುಂಟು. ಆದಿತ್ಯವಾರ ಮಧ್ಯಾಹ್ನ ನಿಮ್ಮ ಹ್ಯಾಮರ್ ಕೆಲಸ ಮುಗಿದರೆ ನಾನು ಬಂದು ಕೊಂಡುಹೋಗಿ, ಸೋಮವಾರ ನಾನೇ ಕುಂಬಳೆಗೆ ಮುಟ್ಟಿಸುತ್ತೇನೆ. ಬಾಡಿಗೆ ಅರ್ಧ ಅರ್ಧ.

ಕುಂಬಳೆ ಬಾಡಿಗೆ ಅಂಗಡಿ

ನನ್ನ ಎದುರಿಗೇ ಮಾತಾಡಿಕೊಳ್ಳುತ್ತೀರಲ್ಲ 😀 ಅಡ್ಡಿ ಇಲ್ಲ. ಆದರೆ ಬಿಲ್ಲಿನಲ್ಲಿ ಇಬ್ಬರ ಹೆಸರೂ ಬರೆಸಿ. ಏನಾದರೂ ಆದರೆ ನಾನು ಯಾರಿಗೆ ಫೋನ್ ಮಾಡುವುದು?